ಆದಿಉಡುಪಿ ಸಂತೆ, ಕಾಪುವಿನವರೆಗೆ ಸೈಕಲ್: ನನ್ನ ಅನುಭವ

ಜನವರಿಯಲ್ಲಿ ಸಿಕ್ಕ ಒಂದು ದಿನದ ರಜೆಯನ್ನು ನಾನು ಬೇಕೆಂದೇ ಬುಧವಾರಕ್ಕೆ ಹಾಕಿಕೊಂಡೆ. ಆ ದಿನ ಆದಿಉಡುಪಿಯ ಎಪಿಎಂಸಿ ಪ್ರಾಂಗಣದಲ್ಲಿ ವಾರದ ಸಂತೆ. ಬೆಳಿಗ್ಗೆ ಸಂತೆ ಸುತ್ತಿ, ಅಲ್ಲಿಂದಲೇ ಸೈಕಲ್ ಹತ್ತಿ ಮಲ್ಪೆ, ಪಡುಕೆರೆ, ಮಟ್ಟು, ಕೈಪುಂಜಾಲು ದಾರಿಯಾಗಿ ಕಾಪುವಿನ ದೀಪಸ್ತಂಭದವರೆಗೆ ಹೋಗಿ ಬರುವುದೆಂದು ಲೆಕ್ಕ ಹಾಕಿದ್ದೆ. ಒಂದು ಕಡೆಗೆ ಸುಮಾರು 18 ಕಿ.ಮೀ.; ಏರು ಎಂಬುದಿದ್ದರೆ ಮಲ್ಪೆಯಿಂದ ಪಡುಕೆರೆಗೆ ದಾಟುವ ಸೇತುವೆಯದು ಮಾತ್ರ.

ಏನನ್ನೂ ಕೊಳ್ಳದೆ ಸಂತೆ ಸುತ್ತುವುದು ನನಗೆ ಬಾರದ ವಿದ್ಯೆ. ಬಸಳೆಯ ಕಟ್ಟು, ಹರಿವೆ, ಸೌತೆಕಾಯಿಗಳ ರಾಶಿ ದಾಟಿ ಮೂಲೆಯಲ್ಲಿ ಬುಟ್ಟಿಯಿಟ್ಟು ಕುಳಿತಿದ್ದ ಹಿರಿಯ ಹೆಂಗಸಿನ ಮುಂದೆ ನಿಂತು, "ಏತ್ ಅಕ್ಕ?" ಎಂದು ತುಳುವಿನಲ್ಲಿ ಬೆಲೆ ಕೇಳಿದೆ. ಬುಟ್ಟಿಯಲ್ಲಿದ್ದುದು ಗುಳ್ಳ, ಅಂದರೆ ಮಟ್ಟುವಿನ ಗುಂಡುಬದನೆ. ಬೇರೆ ಊರಿನ ಗುಂಡುಬದನೆಯೂ ಇದೇ ಹೆಸರಿನಲ್ಲಿ ಮಾರಾಟವಾಗುವುದರಿಂದ ಮಟ್ಟುವಿನ ಬೆಳೆಗಾರರು ಕಾಯಿಗೆ ಸ್ಟಿಕರ್ ಅಂಟಿಸುತ್ತಾರೆ. ಆಕೆ ಸ್ಟಿಕರಿಗಿಂತ ಮೊದಲು ತೊಟ್ಟನ್ನು ತಿರುಗಿಸಿ ಅದರ ಮೇಲಿನ ಸಣ್ಣ ಮುಳ್ಳುಗಳನ್ನು ತೋರಿಸಿದರು. ಎರಡು ಕಿಲೋ ಗುಳ್ಳ, ಒಂದು ಕಟ್ಟು ಬಸಳೆ ಕೊಂಡು, ಗುಳ್ಳದ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿದೆ, ಬಸಳೆಯನ್ನು ಕ್ಯಾರಿಯರಿಗೆ ಕಟ್ಟಿದೆ.

ಪಡುಕೆರೆ ದಾಟಿದ ಮೇಲೆ ಸಿಗುವ ದಾರಿಗಾಗಿಯೇ ನಾನು ಹೊರಟದ್ದು. ಬಲಕ್ಕೆ ಅರಬ್ಬಿ ಸಮುದ್ರ, ಎಡಕ್ಕೆ ಉದ್ಯಾವರ ಹೊಳೆ, ನಡುವಿನ ಕಿರಿದಾದ ನೆಲದಲ್ಲಿ ತೆಂಗು, ಮನೆ, ಅಂಗಳದಲ್ಲಿ ಒಣಹಾಕಿದ ಮೀನು, ಬಲೆ. ಕಡಲ್ಕೊರೆತ ತಡೆಯಲು ಕಲ್ಲು ಪೇರಿಸಿರುವ ಕಡೆಗಳಲ್ಲಿ ಸೈಕಲ್ ಮೇಲೆ ಕುಳಿತವನಿಗೆ ಕಡಲು ಕೇಳಿಸುತ್ತದೆಯೇ ಹೊರತು ಕಾಣುವುದಿಲ್ಲ; ಅಲ್ಲಲ್ಲಿ ಇಳಿದು ಕಲ್ಲು ಹತ್ತಿ ನಿಲ್ಲಬೇಕು. ತಿರುವುಗಳಲ್ಲಿ ಡಾಂಬರಿನ ಮೇಲೆ ತೆಳುವಾಗಿ ಹರಡಿಕೊಂಡ ಮರಳು ದೂರದಿಂದ ತಿಳಿಯುವುದಿಲ್ಲವಾದ್ದರಿಂದ, ಮುಂದಿನ ಬ್ರೇಕನ್ನು ಮುಟ್ಟದೆ ನಿಧಾನವಾಗಿ ತಿರುಗಿಸುವುದು ಕ್ಷೇಮ.

ಮಟ್ಟು ತಲುಪಿದಾಗ ನನ್ನ ದಡ್ಡತನ ನನಗೇ ಗೊತ್ತಾಯಿತು. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ನಂಬಲಾಗಿರುವ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಳೆಯನ್ನು ಸಂತೆಯಲ್ಲಿ ಕೊಂಡು ಅದರ ತವರಿಗೇ ಹೊತ್ತು ತಂದಿದ್ದೆ. ಗದ್ದೆಯಲ್ಲಿ ಕಾಯಿ ಕೀಳುತ್ತಿದ್ದವರೊಬ್ಬರು ನನ್ನ ಚೀಲ ನೋಡಿ ನಕ್ಕರು, ಏನೂ ಹೇಳಲಿಲ್ಲ.

ಕಾಪುವಿನ ಬಂಡೆಯ ಮೇಲೆ, 1901ರ ದೀಪಸ್ತಂಭದ ಬುಡದಲ್ಲಿ, ಒಂದು ಗಂಟೆ ಸುಮ್ಮನೆ ಕುಳಿತೆ. ಅದೇ ತಪ್ಪಾಯಿತು. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ, ವಾಯುವ್ಯದಿಂದ ಜೋರಾಗಿ ಬರುತ್ತದೆ. ಉತ್ತರಕ್ಕೆ ಹಿಂತಿರುಗುವವನಿಗೆ ಅದು ಬಹುಮಟ್ಟಿಗೆ ಎದುರುಗಾಳಿ. ಹೋಗುವಾಗ ಒಂದೂವರೆ ಗಂಟೆ ಹಿಡಿದ ದಾರಿ ಬರುವಾಗ ಎರಡೂವರೆ ಗಂಟೆ ಹಿಡಿಯಿತು. ಹ್ಯಾಂಡಲಿನ ಚೀಲ ತೂಗಾಡಿ ಮುಂದಿನ ಚಕ್ರಕ್ಕೆ ತಗಲುತ್ತಿತ್ತು. ಮನೆ ಸೇರುವಾಗ ಬಸಳೆ ಬೇಯಿಸಿದಂತೆ ಬಾಡಿತ್ತು, ನಾಲ್ಕು ಗುಳ್ಳ ಜಜ್ಜಿಹೋಗಿದ್ದವು. ಉಳಿದವು ಆ ರಾತ್ರಿ ಬೋಳುಹುಳಿಯಾದವು. ಸುಸ್ತಾಗಿ ಸೈಕಲನ್ನು ಹಾಗೆಯೇ ಒರಗಿಸಿಟ್ಟ ತಪ್ಪಿಗೆ ವಾರದೊಳಗೆ ಚೈನಿಗೆ ತುಕ್ಕು ಹಿಡಿಯಿತು. ಈಗ ಕಡಲ ಬದಿಯಿಂದ ಬಂದ ದಿನವೇ ಸಿಹಿನೀರಿನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ ಬಿಡುತ್ತೇನೆ.

ಮುಂದಿನ ತಿಂಗಳು ಇನ್ನೊಂದು ಬುಧವಾರ ಕ್ರಮವನ್ನು ತಿರುಗುಮುರುಗು ಮಾಡಿದೆ. ಆರು ಗಂಟೆಗೆ ಖಾಲಿ ಕ್ಯಾರಿಯರಿನೊಂದಿಗೆ ಹೊರಟು, ಗಾಳಿ ತಿರುಗುವ ಮೊದಲೇ ಕಾಪುವಿನಿಂದ ಹಿಂತಿರುಗಿ, ಹತ್ತೂವರೆಗೆ ಸಂತೆಯೊಳಗೆ ಕಾಲಿಟ್ಟೆ. ಬಸಳೆ ಧಾರಾಳವಾಗಿತ್ತು. ಮೂಲೆಯ ಅಕ್ಕ ಮಾತ್ರ ಬರಿದಾದ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.