ಗುಲಾಬಿ ಟೊಂಗೆ ತುದಿಯಿಂದ ಒಣಗುತ್ತಿದ್ದರೆ ಹೀಗೆ ಮಾಡಿ

ಶಿರಸಿ ಕಡೆ ಚಳಿ ಮುಗಿಯುವ ಹೊತ್ತಿಗೆ ಗುಲಾಬಿ ಸವರಿದರೆ, ಕತ್ತರಿಸಿದ ಜಾಗದಿಂದಲೇ ಟೊಂಗೆ ಕಪ್ಪಾಗಿ ಕೆಳಮುಖವಾಗಿ ಒಣಗುತ್ತಾ ಬರುತ್ತಿತ್ತು. ನೀರು ಜಾಸ್ತಿ ಹಾಕಿದೆ, ಬುಡಕ್ಕೆ ಗೊಬ್ಬರ ಕೊಟ್ಟೆ, ಗಾಯಕ್ಕೆ ಅರಿಶಿನ, ಸಗಣಿ ಮೆತ್ತಿದೆ. ಯಾವುದಕ್ಕೂ ಬಗ್ಗಲಿಲ್ಲ. ಇದು ಶಿಲೀಂಧ್ರದ ರೋಗ.

ಕೆಲಸ ಮಾಡಿದ್ದು ಬೋರ್ಡೋ ಪೇಸ್ಟ್, ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಲೇಪ. ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತ ಮನೆಯಲ್ಲಿ ಉಳಿದಿರುತ್ತದೆ ಅಲ್ವಾ, ಅದೇ ಸಾಕು. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು, ಇದನ್ನು ಮಾತ್ರ ತಿರುವುಮುರುವು ಮಾಡಬೇಡಿ. ಆಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ.

ಇಬ್ಬನಿ ಆರಿದ ಮೇಲೆ, ಕಪ್ಪು ಮುಗಿದಲ್ಲಿಂದ ಇನ್ನೂ ಎರಡು ಇಂಚು ಕೆಳಗೆ, ಹೊರಮುಖದ ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ತಿರುಳು ಬೆಳ್ಳಗೆ ಕಾಣಬೇಕು, ನಡುವೆ ಕಂದು ಚುಕ್ಕಿ ಇದ್ದರೆ ಮತ್ತೂ ಕೆಳಗೆ ಹೋಗಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ ಗಾಯಕ್ಕೆ ಪೇಸ್ಟ್ ಕೂಡಲೇ ಹಚ್ಚಿ, ಮರುದಿನಕ್ಕೆ ಇಡಬೇಡಿ. ಸವರಿದ ಟೊಂಗೆ ಬುಡದಲ್ಲಿ ಬಿಡದೆ ಸುಟ್ಟುಬಿಡಿ.