ಮಳೆಗೆ ಮುಂಚೆ ಲೈಬ್ರರಿಯನ್ನು ಗೂಗಲ್ ಶೀಟಿಗೆ ಹತ್ತಿಸುವುದು ಹೇಗೆ

ಕೊಡಗಿನ ನಾಪೋಕ್ಲು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. 3000ಕ್ಕೆ ಸ್ವಲ್ಪ ಕಡಿಮೆ ಪುಸ್ತಕ, 6 ಬೀರು, ಒಂದು ಉದ್ದನೆ ಮೇಜು. 19 ವರ್ಷ ಎಲ್ಲವೂ ಎರಡು ರಿಜಿಸ್ಟರಿನಲ್ಲೇ ನಡೆಯಿತು. ಒಂದು ಸ್ಟಾಕ್ ರಿಜಿಸ್ಟರ್, ಇನ್ನೊಂದು ಇಶ್ಯೂ ರಿಜಿಸ್ಟರ್. ಹೋದ ವರ್ಷ ಜುಲೈನಲ್ಲಿ ಸ್ಟಾಕ್ ರಿಜಿಸ್ಟರಿನ ಮೊದಲ 40 ಪುಟ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಶಾಯಿ ಹರಡಿ ಅಕ್ಷರವೇ ಇಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ರಿಜಿಸ್ಟರ್ ಯಾವ ಲೆಕ್ಕ?

ಆಗ ಕಂಪ್ಯೂಟರ್ ಸರ್ "ಮೇಡಂ, ಗೂಗಲ್ ಶೀಟಿಗೆ ಹಾಕಿಬಿಡಿ" ಅಂದರು. ನನಗೆ ಶೀಟು ಅಂದರೆ ಮಾಡಿನ ಶೀಟು ಒಂದೇ ಗೊತ್ತಿದ್ದದ್ದು. ಇದು ನೆಟ್‌ನಲ್ಲಿ ಇರುವ, ಸಾಲು ಕಾಲಂ ಎಳೆದ ಲೆಕ್ಕದ ಹಾಳೆ. ಒಂದು ವರ್ಷ ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಶಾಲೆಯಲ್ಲೂ ರಿಜಿಸ್ಟರ್ ಅಂಟಿಕೊಳ್ಳುವ ಮೊದಲು ಉಪಯೋಗಕ್ಕೆ ಬರಲಿ.

ಮೊದಲು ಕಾಲಂ ಕಡಿಮೆ ಇಡಿ. ನಾನು ಉತ್ಸಾಹದಲ್ಲಿ 17 ಕಾಲಂ ಎಳೆದಿದ್ದೆ. ಪ್ರಕಾಶಕರು, ಮುದ್ರಣ, ಪುಟ, ಬೆಲೆ, ಯಾವ ಅಂಗಡಿಯ ಬಿಲ್ಲು, ಎಲ್ಲವೂ. ಒಂದು ದಿನಕ್ಕೆ 20 ಪುಸ್ತಕವೂ ಮುಗಿಯಲಿಲ್ಲ. ಈಗ ಇರುವುದು ಆರೇ: ಅಕ್ಸೆಶನ್ ನಂಬರ್ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ), ಹೆಸರು, ಲೇಖಕರು, ಭಾಷೆ, ಎಲ್ಲಿದೆ, ಷರಾ. ಪುಸ್ತಕಗಳನ್ನು ವಿಷಯದ ಪ್ರಕಾರ ವಿಂಗಡಿಸುವ ಡ್ಯೂಯಿ ನಂಬರ್ ಕೂಡ ಹಾಕಲು ನೋಡಿದೆ. ಆದರೆ ಕನ್ನಡ ಸಾಹಿತ್ಯವೆಲ್ಲ 894.814ರ ಕೆಳಗೇ ಬರುತ್ತದೆ. ನನ್ನ ಅರ್ಧ ಲೈಬ್ರರಿಗೆ ಒಂದೇ ನಂಬರ್! ಮಕ್ಕಳಿಗೆ "ಬೀರು 3, ಮೇಲಿನಿಂದ 2ನೇ ಸಾಲು" ಅಂತ ಇದ್ದರೆ ಸಾಕು, ಓಡಿಹೋಗಿ ತರುತ್ತಾರೆ.

ಟೈಪ್ ಶುರು ಮಾಡುವ ಮುಂಚೆ ಎರಡು ಕೆಲಸ. ಅಕ್ಸೆಶನ್ ನಂಬರಿನ ಕಾಲಂ ಪೂರ್ತಿ ಆಯ್ಕೆ ಮಾಡಿ, ಫಾರ್ಮ್ಯಾಟ್ ಮೆನುವಿನಲ್ಲಿ ನಂಬರ್, ಅದರೊಳಗೆ ಪ್ಲೇನ್ ಟೆಕ್ಸ್ಟ್ ಒತ್ತಿ. ಇಲ್ಲದಿದ್ದರೆ 0047 ಅಂತ ಹೊಡೆದದ್ದು ಬರೀ 47 ಆಗಿ ಕೂರುತ್ತದೆ. ಆಮೇಲೆ ವ್ಯೂ ಮೆನುವಿನಲ್ಲಿ ಫ್ರೀಜ್‌ಗೆ ಹೋಗಿ ಮೊದಲ ಸಾಲನ್ನು ಫ್ರೀಜ್ ಮಾಡಿ. ಎಷ್ಟು ಕೆಳಗೆ ಹೋದರೂ ತಲೆಬರಹ ಕಣ್ಣೆದುರೇ ಇರುತ್ತದೆ.

ಟೈಪಿಂಗ್ ಬಾರದಿದ್ದರೆ ಹೆದರಬೇಡಿ. ಫೋನಿನ ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸಿ, ಮೈಕ್ ಒತ್ತಿ ಹೇಳುತ್ತಾ ಹೋಗಿ. ಪುಸ್ತಕದ ಹೆಸರುಗಳನ್ನು ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಒಂದೇ ತೊಂದರೆ. ಮಾಡಿನ ಶೀಟಿನ ಮೇಲೆ ಮಳೆ ಬಡಿಯಲು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳಿಸುವುದಿಲ್ಲ, ಫೋನಿಗೆ ಏನು ಕೇಳಿಸೀತು! ಅದಕ್ಕೇ ಈ ಕೆಲಸವನ್ನು ಏಪ್ರಿಲ್, ಮೇ ತಿಂಗಳಲ್ಲಿ ಮಾಡಿ ಅನ್ನುವುದು. ಇಂಗ್ಲಿಷ್ ಪುಸ್ತಕಗಳಿಗೆ ಹಿಂದಿನ ರಟ್ಟಿನ ಮೇಲಿರುವ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರನ್ನು, ನೆಟ್‌ನಲ್ಲಿ ಹುಡುಕಿದರೆ ವಿವರ ತಾನೇ ಸಿಗುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಆ ನಂಬರೇ ಇರುವುದಿಲ್ಲ. ಕೈಯಲ್ಲೇ ಹೊಡೆಯಬೇಕು.

ಈಗ ನನ್ನ ಮೂರು ತಿಂಗಳು ತಿಂದ ವಿಷಯ. ನಮ್ಮಲ್ಲಿ ಯಾರೋ ಹಿಂದೆ ಡಿಟಿಪಿ ಅಂಗಡಿಯಲ್ಲಿ ಹೊಡೆಸಿದ 800 ಪುಸ್ತಕದ ಪಟ್ಟಿ ಇತ್ತು. ಅದನ್ನು ಕಾಪಿ ಮಾಡಿ ಶೀಟಿಗೆ ಹಾಕಿದರೆ ಬರೀ ಚಿತ್ತಾರ. ಇಂಗ್ಲಿಷ್ ಎ ಮೇಲೆ ಗೀಟು, ನಡುನಡುವೆ ಪೌಂಡ್ ಗುರುತು. ನಿಮಗೂ ಹಾಗೆ ಕಂಡರೆ ಫೈಲ್ ಹಾಳಾಗಿದೆ ಅಂದುಕೊಳ್ಳಬೇಡಿ. ಅದು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ (ಇದನ್ನು ಆಸ್ಕಿ ಅನ್ನುತ್ತಾರೆ) ಇದೆ, ಈಗ ಎಲ್ಲ ಕಂಪ್ಯೂಟರು ಫೋನು ಓದುವ ಯೂನಿಕೋಡ್‌ನಲ್ಲಿ ಇಲ್ಲ, ಅಷ್ಟೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ವೆಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಪೆಟ್ಟಿಗೆಗೆ ಹಾಕಿ ಗುಂಡಿ ಒತ್ತಿದರೆ ಇನ್ನೊಂದರಲ್ಲಿ ಕನ್ನಡ ಬರುತ್ತದೆ.

ಮುಗಿಯಿತು ಅಂದುಕೊಂಡೆ. ನವೆಂಬರಿನಲ್ಲಿ ಸಂವಿಧಾನ ದಿನದ ಭಾಷಣಕ್ಕೆ ಅಂತ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಅಂಬೇಡ್ಕರ್ ಅಂತ ಹುಡುಕಿದಳು. ಒಂದೂ ಇಲ್ಲ. "ಮಿಸ್, ನಮ್ಮಲ್ಲಿ ಇಲ್ವಾ?" ನಾಲ್ಕು ಪುಸ್ತಕ ಅವಳ ಬೆನ್ನ ಹಿಂದೆಯೇ ಇದ್ದವು! ಶೀಟಿನಲ್ಲೂ ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುವುದಿಲ್ಲ. ಸಂಜೆವರೆಗೆ ಕೂತು ನೋಡಿದ ಮೇಲೆ ಗೊತ್ತಾಯಿತು. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿದ್ದರು. ಅ೦ಬೇಡ್ಕರ್, ಅಂಬೇಡ್ಕರ್. ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ.

ನಿಮ್ಮ ಪಟ್ಟಿಯಲ್ಲೂ ಇದು ಇದೆಯೋ ನೋಡಬೇಕಾದರೆ ಕಂಟ್ರೋಲ್ ಎಫ್ ಒತ್ತಿ, ಬರೀ ೦ ಅಂಕಿಯೊಂದನ್ನೇ ಹುಡುಕಿ. ನನಗೆ 200ಕ್ಕೂ ಜಾಸ್ತಿ ಸಿಕ್ಕಿದವು. ಆಮೇಲೆ ಕಂಟ್ರೋಲ್ ಎಚ್ ಒತ್ತಿ, ಅಂಕಿಯ ಸೊನ್ನೆಯ ಜಾಗಕ್ಕೆ ಅನುಸ್ವಾರ ಬರುವಂತೆ ಬದಲಿಸಿ. ಪಟ್ಟಿಯಲ್ಲಿ ಎಲ್ಲಾದರೂ ಕನ್ನಡ ಅಂಕಿಗಳಲ್ಲಿ ಇಸವಿ ಬರೆದಿದ್ದರೆ ಮಾತ್ರ ಒಂದೊಂದಾಗಿ ನೋಡಿ ಬದಲಿಸಿ. ನನ್ನದರಲ್ಲಿ ೧೯೭೦ ಹೋಗಿ ೧೯೭ರ ಮುಂದೆ ಒಂದು ಅನುಸ್ವಾರ ಕೂತಿತ್ತು.

ಲೇಖಕರ ಹೆಸರಿನ ಗೋಳು ಬೇರೆ. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ. ನಮ್ಮ ಕೊಡಗಿನ ಗೌರಮ್ಮನವರನ್ನೇ ತೆಗೆದುಕೊಳ್ಳಿ. ಅವರು ಕಥೆ ಬರೆದದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನುವ ಹೆಸರಿನಲ್ಲಿ. ಮಕ್ಕಳು ಹುಡುಕುವುದು ಗೌರಮ್ಮ ಅಂತ. ನಾನು ಮಾಡಿಕೊಂಡ ಕ್ರಮ ಇದು: ಜನರ ಬಾಯಲ್ಲಿರುವ ಹೆಸರು ಲೇಖಕರ ಕಾಲಂಗೆ, ಉಳಿದ ಹೆಸರುಗಳೆಲ್ಲ ಷರಾಗೆ. ಹುಡುಕಾಟ ಎರಡನ್ನೂ ಮುಟ್ಟುತ್ತದೆ. ಯಾವುದಕ್ಕೂ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಡಿ. ನಾಳೆ ನೀವೇ ಬೇರೆ ಥರ ಹೊಡೆಯುತ್ತೀರಿ.

ಹಂಚುವಾಗ ಜೋಪಾನ. ಶೇರ್ ಒತ್ತಿದರೆ ವ್ಯೂವರ್, ಕಾಮೆಂಟರ್, ಎಡಿಟರ್ ಅಂತ ಮೂರು ಬರುತ್ತವೆ. ಮಕ್ಕಳಿಗೆ ವ್ಯೂವರ್ ಮಾತ್ರ. ನಾನು ತಿಳಿಯದೆ ಎಡಿಟರ್ ಕೊಟ್ಟೆ. ಒಂಬತ್ತನೇ ಕ್ಲಾಸಿನ ಯಾರೋ ಪುಣ್ಯಾತ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಹೆಸರಿನ ಕಾಲಂ ಒಂದನ್ನೇ ಹಿಡಿದು ಅಕಾರಾದಿಯಾಗಿ ಜೋಡಿಸಿಬಿಟ್ಟ. ಹೆಸರುಗಳು ಸಾಲಾಗಿ ನಿಂತವು, ಲೇಖಕರು ಇದ್ದಲ್ಲೇ ಉಳಿದರು. ಅಡುಗೆ ಪುಸ್ತಕಕ್ಕೆ ವಿಜ್ಞಾನಿಯ ಹೆಸರು, ಗಣಿತಕ್ಕೆ ಕವಿಯ ಹೆಸರು. ನನಗೆ ಕೈಕಾಲೇ ಆಡಲಿಲ್ಲ. ಹೀಗಾದರೆ ಗಾಬರಿಯಾಗಿ ತಿದ್ದಲು ಕೂರಬೇಡಿ. ಫೈಲ್ ಮೆನುವಿನಲ್ಲಿ ವರ್ಶನ್ ಹಿಸ್ಟರಿ ತೆರೆಯಿರಿ, ನಿನ್ನೆಯ ತಾರೀಖನ್ನು ಹಿಡಿದು ರಿಸ್ಟೋರ್ ಕೊಡಿ. ಎರಡು ನಿಮಿಷದ ಕೆಲಸ. ಯಾವ ಮಗುವಿನ ಹತ್ತಿರ ಯಾವ ಪುಸ್ತಕ ಇದೆ ಅನ್ನುವ ಲೆಕ್ಕವನ್ನು ಬೇರೆ ಶೀಟಿನಲ್ಲಿ ಇಡಿ, ಅದನ್ನು ಯಾರಿಗೂ ಹಂಚಬೇಡಿ. ಅಪ್ಪ ಅಮ್ಮಂದಿರ ಫೋನ್ ನಂಬರ್ ಅಂತೂ ಎಲ್ಲೂ ಹಾಕಬೇಡಿ.

ಪಟ್ಟಿಯನ್ನು ಫೋನಿನಲ್ಲಿ ತೆರೆಯುವ ಕ್ಯೂಆರ್ ಕೋಡ್ ವಿಷಯಕ್ಕೆ ಒಂದೇ ಮಾತು. ಪುಕ್ಕಟೆ ಅಂತ ಒಂದು ವೆಬ್‌ಸೈಟಿನಲ್ಲಿ ಮಾಡಿ, ಲ್ಯಾಮಿನೇಶನ್‌ಗೆ ಕೈಯಿಂದ ದುಡ್ಡು ಹಾಕಿ ಆರೂ ಬೀರುವಿಗೆ ಅಂಟಿಸಿದೆ. ಎರಡು ವಾರಕ್ಕೆ ಸತ್ತುಹೋಯಿತು, ಮುಂದುವರಿಸಲು ಹಣ ಕಟ್ಟಿ ಅಂತ ಬಂತು. ಅಂಥವು ತಮ್ಮ ಕೊಂಡಿಯ ಮೂಲಕ ನಮ್ಮ ಪುಟಕ್ಕೆ ಸುತ್ತಿಸಿ ಕಳಿಸುತ್ತವೆ, ಕೊಂಡಿ ಮುಚ್ಚಿದರೆ ಕೋಡ್ ಮುಗಿಯಿತು. ಕ್ರೋಮ್‌ನಲ್ಲಿ ನಿಮ್ಮ ಶೀಟನ್ನು ತೆರೆದು, ಶೀಟಿನ ಶೇರ್ ಅಲ್ಲ, ಕ್ರೋಮ್‌ನದೇ ಮೂರು ಚುಕ್ಕಿಯ ಮೆನುವಿನಲ್ಲಿ ಶೇರ್‌ಗೆ ಹೋದರೆ ಕ್ಯೂಆರ್ ಕೋಡ್ ಮಾಡುವ ಆಯ್ಕೆ ಇದೆ. ಅದರಲ್ಲಿ ನೇರ ವಿಳಾಸವೇ ಇರುತ್ತದೆ, ಅವಧಿ ಮುಗಿಯುವ ಮಾತಿಲ್ಲ.

ಕೆಟಲಾಗ್ ಒಂದು ಹದಕ್ಕೆ ಬಂದ ಮೇಲೆ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ ನೋಡಿ. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಮಕ್ಕಳ ಚಿತ್ರಕಥೆಗಳನ್ನು ಭಾಷೆ, ಓದುವ ಮಟ್ಟ ನೋಡಿ ಆರಿಸಬಹುದು, ಇಳಿಸಿಕೊಂಡು ಪ್ರಿಂಟ್ ತೆಗೆಯಲೂ ಅನುಮತಿ ಇದೆ. ನಮ್ಮ ಶಾಲೆಗೆ ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳಿದ್ದಾರೆ. ಅವರಲ್ಲಿ ಅಸ್ಸಾಮಿನ ಹುಡುಗನೊಬ್ಬ ಲೈಬ್ರರಿ ಪೀರಿಯಡ್‌ನಲ್ಲಿ ಸುಮ್ನೆ ಕಿಟಕಿ ಹತ್ತಿರ ಕೂರುತ್ತಿದ್ದ. ಒಂದೇ ಕಥೆಯನ್ನು ಅಸ್ಸಾಮಿಯಲ್ಲೂ ಕನ್ನಡದಲ್ಲೂ ಪ್ರಿಂಟ್ ತೆಗೆದು, ಎಡಕ್ಕೊಂದು ಬಲಕ್ಕೊಂದು ಪುಟ ಬರುವಂತೆ ಸ್ಟೇಪಲ್ ಹೊಡೆದು ಕೊಟ್ಟೆ. ಎಡಗಡೆ ಓದಿ ಬಲಗಡೆಯ ಅಕ್ಷರದ ಮೇಲೆ ಬೆರಳಿಟ್ಟ. ಮೂರನೇ ಪುಟದಲ್ಲಿ ನನ್ನ ಕನ್ನಡ ಪುಟ ಹಿಂದುಮುಂದಾಗಿದೆ ಅಂತ ತೋರಿಸಿದವನೂ ಅವನೇ. ಪುಟ ಜೋಡಿಸುವಾಗ ಎಡಬಲದ ನಂಬರ್ ಎರಡು ಸಲ ನೋಡಿ.

ಕೊನೆಗೆ ಆಫ್‌ಲೈನ್. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ. ಫೋನಿನ ಶೀಟ್ಸ್ ಆ್ಯಪಿನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿ, ಆಫ್‌ಲೈನ್‌ನಲ್ಲಿ ಸಿಗುವಂತೆ ಮಾಡಿಡಿ. ನೆಟ್ ಇರುವಾಗಲೇ ಮಾಡಬೇಕು, ಹೋದ ಮೇಲೆ ನೆನಪಾದರೆ ಏನೂ ಆಗುವುದಿಲ್ಲ. ಇಶ್ಯೂ ರಿಜಿಸ್ಟರನ್ನು ನಾನು ಇನ್ನೂ ಕೈಯಲ್ಲೇ ಬರೆಯುತ್ತೇನೆ, ಈಗ ಬಾಲ್ ಪೆನ್ನಿನಲ್ಲಿ. ಶನಿವಾರ ಅದನ್ನು ಶೀಟಿಗೆ ಏರಿಸುತ್ತೇನೆ. ತಿಂಗಳಿಗೊಮ್ಮೆ ಪಟ್ಟಿಯ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೋಡೆಗೆ ತಾಗದ ಬೀರುವಿನಲ್ಲಿ ಇಡುತ್ತೇನೆ.

ಕಂಪ್ಯೂಟರ್ ಸರ್ ಮುಂದೆ ಕೊಹಾ ಕಲಿಸುತ್ತೇನೆ ಅನ್ನುತ್ತಿದ್ದಾರೆ. ಅದು ದೊಡ್ಡ ಲೈಬ್ರರಿಗಳ ಪುಕ್ಕಟೆ ಸಾಫ್ಟ್‌ವೇರ್, ಸರ್ವರ್ ಬೇಕಂತೆ. ಕಾಫಿ ಕುಯ್ಲು ಮುಗೀಲಿ, ನೋಡೋಣ ಅಂದಿದ್ದೇನೆ.