ಇಲಿಗೆ ವಿಷ ಇಡುವ ಮುನ್ನ ಪಕ್ಕದವರಿಗೆ ಹೇಳಿ

ಇಲಿಗೆಂದು ನಾನು ಬದುವಿನ ಮೇಲಿಟ್ಟ ವಿಷದ ಉಂಡೆ ತಿಂದು ಪಕ್ಕದ ಹೊಲದವರ ನಾಯಿ ಸತ್ತುಹೋಯಿತು. ವಿಷ ಇಟ್ಟ ನಾಲ್ಕನೇ ದಿನ ಅದು ನಮ್ಮ ಬೇಲಿ ಹತ್ತಿರ ಮಲಗಿತ್ತು. ಒಸಡು ಬಿಳುಚಿಕೊಂಡಿತ್ತು, ಮೂಗಿನಿಂದ ರಕ್ತ ಸೋರುತ್ತಿತ್ತು. ನನ್ನನ್ನು ನೋಡಿ ಬಾಲ ಆಡಿಸಿತು. ವಿಷ ಇಟ್ಟಿದ್ದೇನೆಂದು ಅವರಿಗೆ ನಾನು ಒಂದು ಮಾತೂ ಹೇಳಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಪೊಟ್ಟಣದ ಮೇಲೆ ವಿಷದ ಹೆಸರು ಓದುವುದು. ನಾನಿಟ್ಟಿದ್ದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನೇ ಇದು ಕೆಡಿಸುತ್ತದೆ. ತಿಂದ ಪ್ರಾಣಿ 2-3 ದಿನ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ, ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ಬೇಗ ಗೊತ್ತಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಿಕೊಳ್ಳಬಹುದು, ಆದರೆ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಜಿಂಕ್ ಫಾಸ್ಫೈಡ್ ಎಂಬ ಬೂದುಗಪ್ಪು ಪುಡಿ ಇನ್ನೂ ಕ್ರೂರ. ಹೊಟ್ಟೆಯ ಆಮ್ಲ ತಾಗಿದ್ದೇ ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ. ನಾಯಿ, ಬೆಕ್ಕು ಓಡಾಡುವ ಕಡೆ ಇದನ್ನು ತರಲೇಬೇಡಿ ಎನ್ನುತ್ತೇನೆ.

ಸಂಜೆ ಎಲ್ಲ ಬಿಲಗಳ ಬಾಯಿಗೂ ಮಣ್ಣು ಮುಚ್ಚಿ. ಬೆಳಿಗ್ಗೆ ತೆರೆದುಕೊಂಡಿರುವ ಬಿಲಗಳಲ್ಲಿ ಮಾತ್ರ ಇಲಿ ಇದೆ. ಕೈಗವಸು ಹಾಕಿಕೊಂಡು, ವಿಷವನ್ನು ಅಲ್ಲಿಗೆ ಮಾತ್ರ, ಒಳಕ್ಕೆ ತಳ್ಳಿ ಮತ್ತೆ ಮುಚ್ಚಿ. ಬಿಲದ ಹೊರಗೆ ಇಡಲೇಬೇಕೆಂದರೆ, ಇಲಿ ಮಾತ್ರ ನುಗ್ಗುವಷ್ಟು ತೂತಿರುವ, ಬೀಗ ಹಾಕುವ ಪೆಟ್ಟಿಗೆಯೊಳಗಿಡಿ. ಪೆಟ್ಟಿಗೆಯನ್ನು ಗೂಟಕ್ಕೆ ಬಿಗಿಯಿರಿ, ಇಲ್ಲವಾದರೆ ನಾಯಿ ಅದನ್ನು ಉರುಳಿಸಿ ಒಳಗಿದ್ದದ್ದನ್ನು ಚೆಲ್ಲಿಬಿಡುತ್ತದೆ. ಬಯಲಲ್ಲಿ ಎಸೆಯುವುದಂತೂ ಬೇಡವೇ ಬೇಡ.

ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ, ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಿ. ವಿಷ ತಿಂದ ಇಲಿ ತಡವರಿಸುತ್ತಾ ನಡೆಯುವುದರಿಂದ ಬೆಕ್ಕಿಗೂ ಗೂಬೆಗೂ ಸುಲಭದ ತುತ್ತು, ಆ ವಿಷ ಅವುಗಳ ಮೈಗೂ ಸೇರುತ್ತದೆ. ಉಳಿದ ಉಂಡೆಗಳನ್ನು ಎಣಿಸಿ ವಾಪಸ್ ತನ್ನಿ.

ಈಗ ನಾನು ಪೊಟ್ಟಣವನ್ನೇ ತೆಗೆದುಕೊಂಡು ಅಕ್ಕಪಕ್ಕದವರ ಬಾಗಿಲಿಗೆ ಹೋಗುತ್ತೇನೆ. ಎಲ್ಲಿ ಇಡುತ್ತೇನೆ, ಎಷ್ಟು ದಿನ, ವಿಷದ ಹೆಸರೇನು ಎಂದು ಹೇಳಿ ಬರುತ್ತೇನೆ. ಮೊದಲ ಸಲ ಹೋದಾಗ ಕಾಲು ನಡುಗುತ್ತಿತ್ತು.

ಪ್ರಾಣಿ ವಿಷ ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಹಾಲು, ಉಪ್ಪುನೀರು ಕುಡಿಸಬೇಡಿ. ಪೊಟ್ಟಣ ಹಿಡಿದುಕೊಂಡು ಪಶುವೈದ್ಯರ ಬಳಿ ಓಡಿ. ಜಿಂಕ್ ಫಾಸ್ಫೈಡ್ ಆಗಿದ್ದರೆ ಗಾಡಿಯ ಕಿಟಕಿಗಳನ್ನೆಲ್ಲ ತೆರೆದಿಡಿ, ಪ್ರಾಣಿ ವಾಂತಿ ಮಾಡಿದಾಗ ಹೊರಬರುವ ಅನಿಲ ನಿಮಗೂ ವಿಷವೇ.